ಬೋರ್ಡು ನುಂಗಿದ ನಾಲ್ಕು ನಿಮಿಷ

ಕಂಪ್ಯೂಟರ್ ರೂಮಿನ ಕೆಲಸಕ್ಕೆ ಹೊಸದಾಗಿ ಸೇರಿದವರು ಈಗಲೂ ನನಗೆ ಆಗಾಗ ಫೋನು ಮಾಡುತ್ತಾರೆ. ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ. "ಸುಂದರಣ್ಣ, ಸರ್ವರಿನ ಒಳಗೆ ವರ್ಚುವಲ್ ಮೆಷಿನ್ ಮಾಡ್ತಾ ಇದ್ದೇವೆ. ಅದರೊಳಗೆ ಯಾವ ಆಪರೇಟಿಂಗ್ ಸಿಸ್ಟಮ್ ಕೂರಿಸಿದ್ರೆ ಚೆನ್ನಾಗಿ ಓಡ್ತದೆ?"

ಇದಕ್ಕೆ ಫೋನಿನಲ್ಲಿ ಹೇಳುವಂಥ ಉತ್ತರ ಚಿಕ್ಕದು, ಅದನ್ನು ಹೇಳಿಬಿಡುತ್ತೇನೆ. ಪೂರ್ತಿ ಉತ್ತರದಲ್ಲಿ ಬೆಳ್ಮಣ್ಣಿನ ಡ್ರೈವರ್ ಒಬ್ಬರು ಬರುತ್ತಾರೆ, ಅವರ ಕೈಯಿಂದ ಹೋದ ಸ್ಟೇರಿಂಗ್ ಬರುತ್ತದೆ. ಅದು ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ. ಹಾಗಾಗಿ ಬರೆಯಲು ಕೂತಿದ್ದೇನೆ.

ನಾನು ಕಾಪುವಿನವನು. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟೆ. ಯಾಕೆ ಬಿಟ್ಟೆ ಎಂದು ಕೇಳಿದವರಿಗೆ ನಾನು ಹೇಳುವುದಿಲ್ಲ. ಬಿಟ್ಟ ಮೇಲೆ ಒಂದು ದಿನವೂ ಕೈ ಕಟ್ಟಿ ಕೂತವನಲ್ಲ ಎಂಬುದನ್ನು ಮಾತ್ರ ಹೇಳುತ್ತೇನೆ. ಪೇಟೆಯ ರೇಡಿಯೋ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕಲು ಕಲಿತೆ. ಆಮೇಲೆ ಮಣಿಪಾಲದಲ್ಲಿ ಕಂಪ್ಯೂಟರ್ ಜೋಡಿಸುವ ಅಂಗಡಿ ಸೇರಿದೆ. ಅಲ್ಲಿಂದ ಉಡುಪಿಗೆ, ಖಾಸಗಿ ಬಸ್ ಮಾಲಕರೆಲ್ಲ ಸೇರಿ ನಡೆಸುವ ಒಂದು ಆಫೀಸಿಗೆ ಬಂದೆ. ನಿವೃತ್ತಿಯ ತನಕ ಅಲ್ಲಿಯೇ ಇದ್ದೆ. ಅಲ್ಲಿಯ ಮಾತುಕತೆಯೆಲ್ಲ ತುಳುವಿನಲ್ಲೇ ನಡೆಯುತ್ತಿತ್ತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆರಂಭದ ವರ್ಷಗಳಲ್ಲಿ ಒಂದು ಕೆಲಸಕ್ಕೆ ಒಂದು ಮೆಷಿನ್. ವಿದ್ಯಾರ್ಥಿಗಳ ಪಾಸಿಗೆ ಒಂದು, ಟಿಕೆಟ್ ಲೆಕ್ಕಕ್ಕೆ ಒಂದು, ಬಸ್ ಸ್ಟ್ಯಾಂಡಿನ ಟೈಮು ತೋರಿಸುವ ಬೋರ್ಡಿಗೆ ಒಂದು. ನಮ್ಮ ಕರಾವಳಿಯಲ್ಲಿ ಮೆಷಿನ್ ಸಾಯುವುದಕ್ಕೆ ಕಾರಣ ಹುಡುಕಬೇಕಾಗಿಲ್ಲ. ಉಪ್ಪುಗಾಳಿಗೆ ಸ್ಕ್ರೂ ತುಕ್ಕು ಹಿಡಿದು ತಲೆ ಮುರಿಯುತ್ತಿತ್ತು. ಪವರ್ ಸಪ್ಲೈ ಬಿಚ್ಚಿದರೆ ಇರುವೆಯ ಗೂಡು. ಮಳೆಗಾಲದ ಮೊದಲ ಸಿಡಿಲಿಗೆ ಮೋಡೆಮ್ಮುಗಳು ಸಾಲಾಗಿ ಹೋಗುತ್ತಿದ್ದವು. ಸತ್ತದ್ದನ್ನು ಬಿಚ್ಚಿ, ಒಂದರ ಅಂಗ ಇನ್ನೊಂದಕ್ಕೆ ಹಾಕಿ ಬದುಕಿಸುವುದೇ ನನ್ನ ಕೆಲಸವಾಗಿತ್ತು. ಆ ಕೆಲಸದಲ್ಲಿ ಒಂದು ಸಮಾಧಾನವಿತ್ತು. ತಪ್ಪು ಎಲ್ಲಿದೆ ಎಂದು ಕೈಗೆ ಸಿಗುತ್ತಿತ್ತು, ಕೆಲವೊಮ್ಮೆ ಮೂಗಿಗೇ ಗೊತ್ತಾಗುತ್ತಿತ್ತು.

ಹಾಗಿರುವಾಗ ದೊಡ್ಡ ಮೆಷಿನ್ ಬಂತು. ಬೇರೆ ಬೇರೆ ಮೆಷಿನ್ ಬೇಡ, ಇದೊಂದರ ಒಳಗೇ ಎಲ್ಲವನ್ನೂ ಕೂರಿಸಬಹುದು, ಪ್ರತಿಯೊಂದೂ ತಾನು ಬೇರೆಯೇ ಒಂದು ಮೆಷಿನ್ ಅಂದುಕೊಂಡು ಓಡುತ್ತದೆ ಎಂದರು. ಒಳಗೆ ಕೂರುವ ಸಿಸ್ಟಮಿಗೆ ನಮ್ಮ ಕಸುಬಿನಲ್ಲಿ ಗೆಸ್ಟ್ ಅನ್ನುತ್ತಾರೆ, ಹೊರಗಿನ ದೊಡ್ಡದಕ್ಕೆ ಹೋಸ್ಟ್. ನಮ್ಮ ಮ್ಯಾನೇಜರ್ ರಾಮದಾಸ ರಾಯರು ಮೆತ್ತಗೆ ಮಾತಾಡುವವರು, ಆದರೆ ಅರ್ಥವಾಗದ ಕಾಗದಕ್ಕೆ ಸಹಿ ಹಾಕುವವರಲ್ಲ. ಅವರಿಗೆ ನಾನು ಅರ್ಥ ಮಾಡಿಸಬೇಕಾಯಿತು.

"ರಾಯರೇ, ಒಂದು ವಠಾರ, ಅದರಲ್ಲಿ ಐದಾರು ಬಿಡಾರ. ಬಾವಿ ಒಂದೇ. ಆದ್ರೆ ಪ್ರತಿ ಬಿಡಾರದವರಿಗೂ ಬಾವಿ ತಮ್ಮದೇ ಅಂತ ಅನ್ನಿಸ್ಬೇಕು. ಅಷ್ಟೇ."

ರಾಯರು ಕನ್ನಡಕ ಒರೆಸಿಕೊಂಡು ಕೇಳಿದರು. "ಎಲ್ಲರೂ ಬೆಳಿಗ್ಗೆ ಒಟ್ಟಿಗೆ ಕೊಡಪಾನ ಹಿಡ್ಕೊಂಡು ಬಂದ್ರೆ?"

"ಸ್ವಲ್ಪ ಕಾಯ್ಬೇಕಾಗ್ತದೆ."

"ಕಾಯುವವನಿಗೆ ತಾನು ಕಾಯ್ತಾ ಇದ್ದೇನೆ ಅಂತ ಗೊತ್ತಾಗ್ತದಾ?"

ಇದು ಎಂಥ ಪ್ರಶ್ನೆ ಎಂದು ಆಗ ನನಗೆ ಅನ್ನಿಸಿತು. ನಗಾಡಿ ಸುಮ್ಮನಾದೆ. ಆ ವರ್ಷಗಳಲ್ಲಿ ಯಾರಾದರೂ ಕೇಳಿದ ಸರಿಯಾದ ಪ್ರಶ್ನೆ ಅದೊಂದೇ ಆಗಿತ್ತು.

ಮೊದಲ ಪಾಠ ತಮಾಷೆಯದ್ದು, ಅದನ್ನೇ ಮೊದಲು ಹೇಳುತ್ತೇನೆ. ಎಲ್ಲ ಗೆಸ್ಟ್‌ಗಳಿಗೂ ನನಗೆ ಗೊತ್ತಿದ್ದ ಸಿಸ್ಟಮನ್ನೇ ಹಾಕಿದ್ದೆ, ಬಣ್ಣದ ಪರದೆ, ಕಿಟಕಿ, ಚಿತ್ರ ಎಲ್ಲ ಸಮೇತ. ಕೆಲವು ತಿಂಗಳಲ್ಲಿ ಎಲ್ಲವೂ ತೆವಳತೊಡಗಿದವು. ಪಾಸಿನ ಪ್ರೋಗ್ರಾಮ್ ಬರೆದ ಮಣಿಪಾಲದ ಕಂಪೆನಿಯಿಂದ ಸೌಮ್ಯ ಎಂಬ ಇಂಜಿನಿಯರ್ ಬಂದರು. ಮಾತು ಕಡಿಮೆ, ಕಣ್ಣು ಚುರುಕು. ಒಂದೊಂದೇ ಗೆಸ್ಟ್ ತೆರೆದು ನೋಡಿ ನನ್ನನ್ನು ಕರೆದರು.

"ಸುಂದರಣ್ಣ, ಈ ಮೆಷಿನ್ನಿನ ಒಳಗೆ ಮೀನು ಈಜ್ತಾ ಉಂಟು."

"ಎಂತ ಮೀನು?"

ನೋಡಿದರೆ ಹೌದು. ಪರದೆ ಸುಮ್ಮನಿದ್ದಾಗ ಬರುವ ಮೀನಿನ ತೊಟ್ಟಿಯ ಚಿತ್ರ. ಆ ಗೆಸ್ಟ್‌ಗೆ ಮಾನಿಟರೇ ಇಲ್ಲ, ನೋಡುವವರು ಯಾರೂ ಇಲ್ಲ. ಯಾರೂ ನೋಡದ ಮೀನುಗಳನ್ನು ಈಜಾಡಿಸಲು ಪ್ರೊಸೆಸರ್ ಹಗಲಿಡೀ ಬೆವರುತ್ತಿತ್ತು.

"ಮೀನಿಗೆ ಮಲ್ಪೆ ಬಂದರಿಗೆ ಹೋಗುವ ಅಗತ್ಯವೇ ಇಲ್ಲ ಮಾರಾಯ್ರೆ," ಎಂದರು ಸೌಮ್ಯ. ಆ ದಿನ ಅವರು ಕಲಿಸಿದ್ದನ್ನು ನಾನು ಮರೆತಿಲ್ಲ. ಎದುರಿಗೆ ಮನುಷ್ಯ ಕೂರದ ಗೆಸ್ಟ್‌ಗೆ ಪರದೆಯಿಲ್ಲದ, ಬರಿಯ ಸರ್ವರ್ ಕೆಲಸದ ಸಣ್ಣ ಸಿಸ್ಟಮ್ ಸಾಕು. ತಾನು ಇರುವುದು ಇನ್ನೊಂದು ಮೆಷಿನ್ನಿನ ಒಳಗೆ ಎಂದು ಗೊತ್ತಿರುವ ಸಿಸ್ಟಮ್ ಬೇಕು, ಡಿಸ್ಕಿಗೂ ನೆಟ್‌ವರ್ಕಿಗೂ ಹೋಸ್ಟ್‌ನ ಜೊತೆ ನೇರ ಮಾತಾಡುವ, ಡ್ರೈವರ್ ಎಂಬ ಸಣ್ಣ ಪ್ರೋಗ್ರಾಮ್ ಅದಕ್ಕೆ ಇರಬೇಕು. ಹೋಸ್ಟ್ ತಯಾರಿಸಿದ ಕಂಪೆನಿಯವರು ಇದು ನಡೆಯುತ್ತದೆ ಎಂದು ಹೊಣೆ ಹೊತ್ತ ಆವೃತ್ತಿಯನ್ನೇ ಹಾಕಬೇಕು. "ನಮಗೆ ಅಭ್ಯಾಸ ಉಂಟು ಅಂತ ಹಾಕ್ಬಾರ್ದು ಸುಂದರಣ್ಣ. ಅದಕ್ಕೆ ಅಲ್ಲಿ ಬದುಕ್ಲಿಕ್ಕೆ ಅಭ್ಯಾಸ ಉಂಟಾ, ಅದು ಮುಖ್ಯ."

ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಬದಲಾಯಿಸಿದೆ. ಬಿಟ್ಟದ್ದು ಟೈಮು ಬೋರ್ಡಿನದ್ದು, ಅದು ಆಗಿನ್ನೂ ಹೊರಗೆ ತನ್ನ ಹಳೆಯ ಮೆಷಿನ್ನಿನಲ್ಲೇ ಇತ್ತು.

ಆ ಬೋರ್ಡಿನ ವಿಷಯ ಹೇಳದಿದ್ದರೆ ಮುಂದಿನದ್ದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಖಾಸಗಿ ಬಸ್ಸುಗಳು ಒಂದರ ಹಿಂದೆ ಒಂದು, ಕೆಲವೇ ನಿಮಿಷಗಳ ಅಂತರದಲ್ಲಿ ಓಡುತ್ತವೆ. ಮುಂದಿನವನು ತಡ ಮಾಡಿದರೆ ಹಿಂದಿನವನ ಪ್ಯಾಸೆಂಜರು ಅವನ ಪಾಲು. ಅದಕ್ಕೇ ತಡವಾಗಿ ಮುಟ್ಟಿದ ಬಸ್ಸು ತನ್ನ ಹಿಂದಿನ ಬಸ್ಸಿಗೆ ದಂಡ ಕೊಡಬೇಕು ಎಂಬ ಕಟ್ಟುಪಾಡು. ಹಿಂದೆ ಒಬ್ಬೊಬ್ಬ ಕಂಡಕ್ಟರನೂ ತನ್ನ ವಾಚು ತೋರಿಸಿ ಜಗಳ ಕಾಯುತ್ತಿದ್ದ, ಶರ್ಟಿನ ಕಾಲರಿಗೆ ಕೈ ಹೋಗುತ್ತಿತ್ತು. ಕೊನೆಗೆ ಮಾಲಕರು ಕೂತು ತೀರ್ಮಾನಿಸಿದರು. ಸ್ಟ್ಯಾಂಡಿನಲ್ಲಿ ಯಾರೂ ವಾಚು ತೋರಿಸಬಾರದು, ಮೊಬೈಲೂ ತೋರಿಸಬಾರದು. ಬೋರ್ಡಿನ ಟೈಮೇ ಟೈಮು. ಉಡುಪಿಯಲ್ಲಿ ಬೋರ್ಡು ನೋಡಿ ಟೈಮ್‌ಕೀಪರ್ ಸೀಟಿ ಊದಬೇಕು, ಬಸ್ಸು ಹೊರಡಬೇಕು. ಕಾಪು, ಶಿರ್ವ, ಬೆಳ್ಮಣ್ ದಾಟಿ ಕಾರ್ಕಳ ಮುಟ್ಟಿದಾಗ ಅಲ್ಲಿನ ಪೆಟ್ಟಿಗೆಯಲ್ಲಿ ಪಂಚ್ ಮಾಡಬೇಕು. ಕಾರ್ಕಳದ ಪೆಟ್ಟಿಗೆಗೆ ಸಿಮ್ ಇತ್ತು, ಅದು ಗಂಟೆಯನ್ನು ಮೊಬೈಲ್ ಟವರಿನಿಂದ ತೆಗೆದುಕೊಳ್ಳುತ್ತಿತ್ತು. ಉಡುಪಿಯ ಬೋರ್ಡಿಗೆ ಗಂಟೆ ಕೊಡುತ್ತಿದ್ದದ್ದು ನಮ್ಮ ಆಫೀಸಿನ ಮೆಷಿನ್.

ಆ ಬೋರ್ಡಿನ ಪ್ರೋಗ್ರಾಮ್ ಬರೆದವರು ದುಬೈಗೆ ಹೋಗಿ ಬಹಳ ವರ್ಷವಾಗಿತ್ತು. ಅದು ಓಡುತ್ತಿದ್ದದ್ದು ತೀರಾ ಹಳೆಯ ಸಿಸ್ಟಮಿನಲ್ಲಿ ಮಾತ್ರ. ಹೋಸ್ಟ್ ಮಾಡಿದವರು ಆ ಸಿಸ್ಟಮಿನ ಬಗ್ಗೆ, ಓಡಬಹುದು, ಆದರೆ ನಮ್ಮ ಹೊಣೆಯಿಲ್ಲ ಎಂದಿದ್ದರು.

"ಓಡಬಹುದು ಅಂತ ಉಂಟಲ್ಲ," ಎಂದರು ರಾಯರು. "ಹೊಸತು ಬರೆಸಲು ಮೀಟಿಂಗಿನಲ್ಲಿ ಒಪ್ಪಿಗೆ ಬೇಕು. ಮೀಟಿಂಗಿನಲ್ಲಿ ಚಾ ಬಿಟ್ಟು ಬೇರೆ ಯಾವುದಕ್ಕೂ ಒಪ್ಪಿಗೆ ಸಿಗುದಿಲ್ಲ." ಹಳೆಯದನ್ನು ಹಾಗೆಯೇ ಇಡಿಯಾಗಿ ಎತ್ತಿ ಒಳಗೆ ಕೂರಿಸಿದೆವು. ಬೇಸಗೆಯೆಲ್ಲ ಅದು ಚೆನ್ನಾಗಿಯೇ ಓಡಿತು.

ಇನ್ನು ಲಾರೆನ್ಸರ ವಿಷಯ. ಬೆಳ್ಮಣ್ಣಿನವರು, ಮನೆಮಾತು ಕೊಂಕಣಿ. ಉಡುಪಿ ಕಾರ್ಕಳ ದಾರಿಯಲ್ಲಿ ಜಯಕರ ಶೆಟ್ಟರ ಹಸಿರು ಬಸ್ಸನ್ನು ಅವರು ಓಡಿಸಲು ಹಿಡಿದಾಗ ನನ್ನ ಕೂದಲು ಕಪ್ಪಗಿತ್ತು. ಅವರದ್ದೊಂದು ಹಟ. ಪ್ರತಿ ಸ್ಟಾಪಿನಲ್ಲಿ ಬಸ್ಸು ಪೂರ್ತಿ ನಿಲ್ಲಬೇಕು. ಬೇರೆ ಡ್ರೈವರುಗಳು ವೇಗ ತಗ್ಗಿಸುತ್ತಾರೆ, ಚಕ್ರ ಉರುಳುತ್ತಿರುವಾಗಲೇ ಜನ ಇಳಿಯುತ್ತಾರೆ, ಕಂಡಕ್ಟರ್ "ರೈಟ್, ಪೋಯಿ" ಎಂದು ಬಸ್ಸು ಹೊರಡಿಸುತ್ತಾನೆ. ಲಾರೆನ್ಸರ ಬಸ್ಸಿನಲ್ಲಿ ಹಾಗಿಲ್ಲ. ಮೀನಿನ ಬುಟ್ಟಿಯ ಹೆಂಗಸು ಇಳಿದು, ಬುಟ್ಟಿ ಇಳಿಸಿಕೊಂಡು, ಸೆರಗು ಸರಿಮಾಡಿಕೊಂಡ ಮೇಲೆಯೇ ಗೇರು ಬೀಳುವುದು. ಹಾಗಿದ್ದೂ ಅವರು ತಡ ಮಾಡಿದವರಲ್ಲ. ಕೊಟ್ಟ ಸಮಯವನ್ನು ಇಡೀ ದಾರಿಗೆ ಸಮನಾಗಿ ಹರಡಿ ಬಳಸುವುದು ಅವರಿಗೆ ಗೊತ್ತಿತ್ತು. ಬೇರೆಯವರು ಓಡಿಸಿ ಉಳಿಸಿದ ಸಮಯದಲ್ಲಿ ಕಾರ್ಕಳದಲ್ಲಿ ಬೀಡಿ ಸೇದುತ್ತಿದ್ದರು. ಲಾರೆನ್ಸರಿಗೆ ಬೀಡಿಯ ಚಟ ಇರಲಿಲ್ಲ.

ಶಾಲೆ ಶುರುವಾಗುವ ಮಳೆಗಾಲ ಬಂತು. ಆ ವರ್ಷ ಲಾರೆನ್ಸರ ಬೆಳಗ್ಗಿನ ಟ್ರಿಪ್ಪು ಕಾರ್ಕಳಕ್ಕೆ ತಡವಾಗಿ ಮುಟ್ಟತೊಡಗಿತು. ಒಂದು ದಿನ ಅಲ್ಲ, ದಿನಾ. ಮಧ್ಯಾಹ್ನದ ಟ್ರಿಪ್ಪು ಸರಿ, ಸಂಜೆಯದ್ದು ಸರಿ, ಬೆಳಗ್ಗಿನದ್ದು ಮಾತ್ರ ತಡ. ಮಳೆ, ಮಕ್ಕಳ ಗಡಿಬಿಡಿ ಎಂದು ಮೊದಲು ಎಲ್ಲರೂ ಅಂದರು. ಆದರೆ ಅದೇ ಮಳೆಯಲ್ಲಿ, ಅದೇ ಮಕ್ಕಳನ್ನು ಹತ್ತಿಸಿಕೊಂಡು ಬೇರೆ ಬಸ್ಸುಗಳು ಸರಿಯಾಗಿ ಮುಟ್ಟುತ್ತಿದ್ದವು. ದಂಡ ಬಿತ್ತು, ಮತ್ತೆ ಬಿತ್ತು. ಅವರ ಬಸ್ಸು ಸ್ಟ್ಯಾಂಡಿಗೆ ತಿರುಗಿದರೆ ಕಂಡಕ್ಟರುಗಳು, "ದಾರಿ ಬಿಡಿ, ಪೊರ್ಬುಗಳ ಎತ್ತಿನಗಾಡಿ ಬಂತು. ಹುಲ್ಲು ತಂದಿಡಿ ಮಾರಾಯ್ರೆ," ಅನ್ನತೊಡಗಿದರು. ಕೊಂಕಣಿ ಕ್ರಿಶ್ಚಿಯನ್ನರಿಗೆ ತುಳುವಿನಲ್ಲಿ ಪೊರ್ಬುಗಳು ಅನ್ನುತ್ತಾರೆ.

ಒಂದು ಮಧ್ಯಾಹ್ನ ಅವರು ಆಫೀಸಿನ ಮೆಟ್ಟಿಲು ಹತ್ತಿ ಬಂದರು. ಒದ್ದೆ ಕೊಡೆಯನ್ನು ಹೊರಗೇ ಇಟ್ಟು ನನ್ನ ಬಾಗಿಲಲ್ಲಿ ನಿಂತರು.

"ಸುಂದರಣ್ಣ, ನಿಮ್ಮ ಬೋರ್ಡು ಸರಿ ಉಂಟಾ?"

"ಎಂತಾಯ್ತು ಲಾರೆನ್ಸರೇ?"

"ಎಂತಾಯ್ತು ಅಂತ ಗೊತ್ತಿದ್ರೆ ಇಲ್ಲಿಗೆ ಬರ್ತಿರ್ಲಿಲ್ಲ. ನಾನು ಸೀಟಿ ಊದಿದ ಕೂಡ್ಲೆ ಹೊರಡ್ತೇನೆ. ದಾರಿಯಲ್ಲಿ ಎಲ್ಲಿಯೂ ಹೆಚ್ಚು ನಿಲ್ಲುದಿಲ್ಲ. ಮೊದಲಿನ ಹಾಗೇ ಹೋಗ್ತೇನೆ. ಬೆಳ್ಮಣ್ ಇಗರ್ಜಿಯ ಎದುರು ಬರುವಾಗಲೇ ನಾನು ಹಿಂದೆ ಬಿದ್ದಿರ್ತೇನೆ."

ನಾನು ಎದ್ದುಹೋಗಿ ಅವರ ಎದುರಿಗೇ ನೋಡಿದೆ. ಗೆಸ್ಟ್‌ನ ಗಂಟೆ, ನನ್ನ ಮೊಬೈಲಿನ ಗಂಟೆ, ಎರಡೂ ಒಂದೇ.

"ಸರಿಯೇ ಉಂಟಲ್ಲ."

ಅವರು ಎರಡನ್ನೂ ಬಹಳ ಹೊತ್ತು ನೋಡಿದರು. "ಹಾಗಾದ್ರೆ ನನ್ನದೇ ಕೈ ಕಾಲು ನಿಧಾನ ಆಯ್ತು ಅಂತ ಆಯ್ತು," ಎಂದು ಕೊಡೆ ತೆಗೆದುಕೊಂಡು ಇಳಿದುಹೋದರು.

ಜಯಕರ ಶೆಟ್ಟರು ಅವರನ್ನು ಬಸ್ಸಿನಿಂದ ಇಳಿಸಿದ್ದು ಅದೇ ತಿಂಗಳು. ಜೋರು ಮಾಡಲಿಲ್ಲ, ಬೈಯಲಿಲ್ಲ. "ಲಾರೆನ್ಸ್, ನಿನಗೆ ವಯಸ್ಸಾಯ್ತು. ಶೆಡ್ಡಿನಲ್ಲಿ ಬಸ್ಸು ತೊಳೆಸುವುದು, ಡೀಸೆಲ್ ನೋಡಿಕೊಳ್ಳುವುದು ಮಾಡು," ಎಂದರಂತೆ. ಲಾರೆನ್ಸ್ ಬಸ್ಸಿನ ಕೀಲಿಯನ್ನು ಧಣಿಗಳ ಮೇಜಿನ ಮೇಲೆ ಇಟ್ಟು, ಶೆಡ್ಡಿಗೂ ಹೋಗದೆ, ತನ್ನದೇ ಬಸ್ಸಿನಲ್ಲಿ ಪ್ಯಾಸೆಂಜರ್ ಸೀಟಿನಲ್ಲಿ ಕೂತು ಊರಿಗೆ ಹೋದರಂತೆ. ಕಂಡಕ್ಟರ್ ಟಿಕೆಟ್ ಬೇಡ ಅಂದರೂ ಕೇಳದೆ ತೆಗೆದುಕೊಂಡರಂತೆ.

ಆಮೇಲೆ ಒಂದು ದಿನ ಬೆಳಿಗ್ಗೆ, ಶಾಲೆ ಕಾಲೇಜಿನ ಗಲಾಟೆಯ ಹೊತ್ತಿನಲ್ಲಿ, ಬೋರ್ಡಿನ ಒಂದು ಬಲ್ಬು ಹೋಗಿದೆ ಎಂದು ನನ್ನನ್ನು ಸ್ಟ್ಯಾಂಡಿಗೆ ಕರೆದರು. ಏಣಿ ಹತ್ತಿ ಬಲ್ಬು ಹಾಕಿ ಇಳಿದೆ. ಮನೆಗೆ ಫೋನು ಮಾಡಲೆಂದು ಮೊಬೈಲ್ ತೆಗೆದೆ. ಬೋರ್ಡು ನಾಲ್ಕು ನಿಮಿಷ ಹಿಂದೆ ಇತ್ತು.

ಟೈಮ್‌ಕೀಪರ್ ವಾಸುವನ್ನು ಕರೆದು ತೋರಿಸಿದೆ. ಅವನು ಸೀಟಿಯನ್ನು ಬಾಯಿಯಿಂದ ತೆಗೆಯದೆ ಹೇಳಿದ, "ಮೊಬೈಲ್ ತೋರಿಸ್ಲಿಕ್ಕಿಲ್ಲ ಸುಂದರಣ್ಣ. ನಿಮಗೂ ಇಲ್ಲ."

"ಇದು ದಿನಾ ಹೀಗಾ?"

"ಎಲ್ಲರ ಮೊಬೈಲೂ ಬೆಳಿಗ್ಗೆ ಫಾಸ್ಟ್ ಇರ್ತದೆ ಮಾರಾಯ್ರೆ. ಮಧ್ಯಾಹ್ನ ಸರಿಯಾಗ್ತದೆ."

ನನಗೆ ನಗು ಬರಲಿಲ್ಲ. ಏಣಿಯನ್ನು ಅಲ್ಲೇ ಬಿಟ್ಟು ಆಫೀಸಿಗೆ ಬಂದು ಸೌಮ್ಯರಿಗೆ ಫೋನು ಮಾಡಿದೆ. ಅವರು ಮಣಿಪಾಲದಿಂದ ಬಂದು, ಮರುದಿನ ಬೆಳಿಗ್ಗೆ ನನ್ನ ಪಕ್ಕದಲ್ಲಿ ಕೂತು ನೋಡಿದರು. ಪಾಸಿನ ಕೌಂಟರು ತೆರೆದ ಕೂಡಲೇ ಬೋರ್ಡಿನ ಗೆಸ್ಟ್‌ನ ಗಂಟೆ ಎಡವುತ್ತಾ ಹಿಂದೆ ಬೀಳತೊಡಗಿತು.

"ಇದು ಹಳೆ ಕಾಲದ ಸಿಸ್ಟಮ್," ಎಂದರು ಅವರು. "ಗಂಟೆ ಎಷ್ಟಾಯ್ತು ಅಂತ ಇದು ಯಾರನ್ನೂ ಕೇಳುದಿಲ್ಲ. ಹಾರ್ಡ್‌ವೇರ್ ಬಡಿಯುವ ಬಡಿತವನ್ನು ತಾನೇ ಎಣಿಸ್ತದೆ. ಸ್ವಂತ ಮೆಷಿನ್ನಿನಲ್ಲಿ ಇದ್ದಾಗ ಒಂದು ಬಡಿತವೂ ತಪ್ಪುತ್ತಿರ್ಲಿಲ್ಲ. ಈಗ ಪಾಸಿನ ಗೆಸ್ಟ್‌ನಲ್ಲಿ ಸಾವಿರ ಮಕ್ಕಳ ಫೋಟೋ ಬರ್ತಾ ಉಂಟು. ಹೋಸ್ಟ್ ಅದರ ಕೆಲಸ ಮಾಡುವಾಗ ಇದನ್ನು ಬದಿಗೆ ನಿಲ್ಲಿಸ್ತದೆ. ನಿಂತ ಹೊತ್ತಿನ ಬಡಿತ ಇದಕ್ಕೆ ಕೇಳುದಿಲ್ಲ."

"ನಿಂತದ್ದು ಅದಕ್ಕೆ ಗೊತ್ತಾಗುದಿಲ್ವಾ?"

"ಇಲ್ಲ. ಅದರ ಲೆಕ್ಕದಲ್ಲಿ ಅದು ನಿಂತೇ ಇಲ್ಲ."

ರಾಯರ ಪ್ರಶ್ನೆ ಆಗ ನೆನಪಾಯಿತು. ಮಧ್ಯಾಹ್ನ ಕೌಂಟರು ಮುಚ್ಚಿದ ಮೇಲೆ ಗಂಟೆ ಸರಿಪಡಿಸುವ ಒಂದು ಸಣ್ಣ ಪ್ರೋಗ್ರಾಮ್ ತಾನಾಗಿ ಓಡಿ ಅದನ್ನು ಜಾಗಕ್ಕೆ ತರುತ್ತಿತ್ತು. ಲಾರೆನ್ಸರಿಗೆ ನಾನು ಸರಿಯಾದ ಗಂಟೆ ತೋರಿಸಿದ್ದು ಅದು ಓಡಿದ ಮೇಲೆ.

ಮತ್ತೊಂದು ವಿಷಯ ಆಗಲೇ ಹೊಳೆಯಿತು. ಬೋರ್ಡು ಹಿಂದೆ ಬಿದ್ದದ್ದು ಲಾರೆನ್ಸರ ಬಸ್ಸಿಗೆ ಮಾತ್ರ ಅಲ್ಲ. ಆ ಹೊತ್ತಿನ ಎಲ್ಲ ಬಸ್ಸುಗಳೂ ನಾಲ್ಕು ನಿಮಿಷ ತಡವಾಗಿಯೇ ಹೊರಡುತ್ತಿದ್ದವು. ಉಳಿದ ಡ್ರೈವರುಗಳು ಆ ನಾಲ್ಕು ನಿಮಿಷವನ್ನು ದಾರಿಯಲ್ಲಿ ಆಕ್ಸಿಲರೇಟರ್ ತುಳಿದು ತೆಗೆಯುತ್ತಿದ್ದರು. ತೆಗೆಯುತ್ತಿದ್ದೇವೆ ಎಂದು ಅವರಿಗೂ ಗೊತ್ತಿರಲಿಲ್ಲ. ಯಾಕೋ ಈಚೆಗೆ ಬೀಡಿಗೆ ಸಮಯ ಸಿಗುವುದಿಲ್ಲ ಎಂದಷ್ಟೇ ಗೊಣಗುತ್ತಿದ್ದರು. ಕಾರ್ಕಳದಿಂದ ಬರುವ ಬಸ್ಸುಗಳು ಉಡುಪಿಗೆ ಬೇಗ ಮುಟ್ಟಿದಂತೆ ತೋರುತ್ತಿತ್ತು. ಬೇಗ ಬಂದದ್ದಕ್ಕೆ ಯಾರು ದೂರು ಕೊಡುತ್ತಾರೆ? ಬೋರ್ಡಿನ ತಪ್ಪು ಹೊರಗೆ ಕಂಡದ್ದು ಪ್ರತಿ ಸ್ಟಾಪಿನಲ್ಲಿ ಪೂರ್ತಿ ನಿಲ್ಲಿಸುವ ಒಬ್ಬ ಮನುಷ್ಯನಲ್ಲಿ ಮಾತ್ರ. ಅದನ್ನು ನಾವೆಲ್ಲ ಅವರ ತಪ್ಪು ಅಂದುಕೊಂಡೆವು.

ಈ ಸಲ ಗೆಸ್ಟ್ ಆರಿಸುವಾಗ ನಾನು ಆತುರಪಡಲಿಲ್ಲ. ಪರದೆಯಿಲ್ಲದ ಸಣ್ಣ ಸಿಸ್ಟಮ್, ಹೊಸ ಆವೃತ್ತಿ. ಬಡಿತ ಎಣಿಸುತ್ತಾ ಕೂರುವಂಥದ್ದಲ್ಲ, ಬೇಕಾದಾಗ ಹೋಸ್ಟನ್ನೇ ಗಂಟೆ ಕೇಳುವಂಥದ್ದು. ಅದಕ್ಕೆ ಹೊಂದುವಂತೆ ಬೋರ್ಡಿನ ಪ್ರೋಗ್ರಾಮನ್ನು ಸೌಮ್ಯ ಹೊಸದಾಗಿ ಬರೆದರು. ಅದಕ್ಕೆ ಬೇಕಾದ ಒಪ್ಪಿಗೆಯನ್ನು ರಾಯರು ಹೇಗೆ ತಂದರೋ ತಂದರು. ನಾವಾಗಿಯೇ ಉಳಿದ ಗೆಸ್ಟ್‌ಗಳಿಗೆಲ್ಲ ಒಟ್ಟಿಗೆ ಭಾರ ಹೊರಿಸಿ ನೋಡಿದೆವು. ಹೋಸ್ಟ್ ಉಬ್ಬಸಪಟ್ಟಿತು. ಬೋರ್ಡು ಅಲುಗಲಿಲ್ಲ. ನನ್ನ ಕಸುಬಿನಲ್ಲಿ ನಾನು ಮಾಡಿದ ಅತಿ ಚೊಕ್ಕ ಕೆಲಸ ಅದು. ಹೆಮ್ಮೆಯಿಂದ ಹೇಳುತ್ತೇನೆ, ಇವತ್ತಿಗೂ ಅದರ ಮೇಲೆ ಯಾರೂ ಬೆರಳಿಟ್ಟಿಲ್ಲ.

ರಾಯರು ಅಂದರು, "ಸರಿಯಾಯ್ತಲ್ಲ. ಇನ್ನು ಕೆದಕುದು ಯಾಕೆ? ಹಳೆ ದಂಡಗಳ ಜಗಳ ಏಳ್ತದೆ."

"ಒಬ್ಬರು ಮನೆಯಲ್ಲಿ ಕೂತಿದ್ದಾರೆ ರಾಯರೇ."

ಅವರು ಕನ್ನಡಕ ತೆಗೆದಿಟ್ಟು, "ಮೀಟಿಂಗಿಗೆ ಬನ್ನಿ. ನೀವೇ ಹೇಳಿ," ಎಂದರು.

ಮಾಲಕರ ಮೀಟಿಂಗಿನಲ್ಲಿ ಅದಕ್ಕೆ ಮುಂಚೆ ನಾನು ಮೈಕು ಸರಿಮಾಡಲು ಮಾತ್ರ ನಿಂತಿದ್ದೆ. ಆ ದಿನ ಮಾತಾಡಲು ನಿಂತೆ. ಬೋರ್ಡು ಹೇಗೆ ಹಿಂದೆ ಬಿತ್ತು ಎಂದು ಬಿಡಿಸಿ ಹೇಳಿದೆ. ಒಂದು ಬೆಳಗ್ಗೆ ಬೋರ್ಡು ತೋರಿಸಿದ ಗಂಟೆ ಎಷ್ಟು, ಆಗ ನಿಜವಾದ ಗಂಟೆ ಎಷ್ಟು, ಬಸ್ಸುಗಳು ಕಾರ್ಕಳ ಮುಟ್ಟಿದ್ದು ಯಾವಾಗ, ಎಲ್ಲವನ್ನೂ ಗೋಡೆಯ ಮೇಲೆ ತೋರಿಸಿದೆ. ಲಾರೆನ್ಸರದ್ದು ತಪ್ಪಿಲ್ಲ, ಅವರನ್ನು ಪುನಃ ಬಸ್ಸಿಗೆ ತೆಗೆದುಕೊಳ್ಳಬೇಕು ಎಂದೆ.

ಜಯಕರ ಶೆಟ್ಟರು ತಲೆಯೆತ್ತಿದರು. ಅವರು ಕೆಟ್ಟವರಲ್ಲ. "ಹಾಗಾದ್ರೆ ಎಲ್ಲ ಬಸ್ಸೂ ತಡವಾಗಿ ಹೊರಟದ್ದಾ ಸುಂದರ?"

"ಎಲ್ಲವೂ."

"ಮತ್ತೆ ಲಾರೆನ್ಸನದ್ದು ಮಾತ್ರ ಯಾಕೆ ತಡ ಮುಟ್ಟಿತು?"

"ಅವರು ಸ್ಟಾಪಿನಲ್ಲಿ ನಿಲ್ಲಿಸ್ತಾರೆ. ಬೇರೆಯವರು ನಿಲ್ಲಿಸುದಿಲ್ಲ, ಓಡಿಸ್ತಾರೆ."

ನನ್ನ ಮಾತು ಗೆದ್ದಿತು ಎಂದು ನನಗೆ ಅನ್ನಿಸಿದ್ದು ಆ ಕ್ಷಣದಲ್ಲೇ. ಹಿಂದಿನ ಸಾಲಿನಲ್ಲಿದ್ದ ಇನ್ನೊಬ್ಬ ಮಾಲಕರು ಗೋಡೆಯನ್ನೇ ನೋಡುತ್ತಿದ್ದರು. ಅವರು ಕೇಳಿದರು.

"ಅಂದ್ರೆ ಕಾರ್ಕಳಕ್ಕೆ ನಾಲ್ಕು ನಿಮಿಷ ಕಡಿಮೆಯಲ್ಲೇ ಮುಟ್ಲಿಕ್ಕೆ ಆಗ್ತದೆ ಅಂತ ಆಯ್ತಲ್ಲ?"

ಎಲ್ಲರ ಕಣ್ಣೂ ನಾನು ತೋರಿಸಿದ ಗೋಡೆಯ ಮೇಲೆ ಇತ್ತು.

"ಅದು ಗೊತ್ತಿಲ್ಲದೆ ಆದದ್ದು," ಎಂದೆ. "ಮಳೆಗಾಲದಲ್ಲಿ ಆ ದಾರಿಯಲ್ಲಿ ಹಾಗೆ ಓಡಿಸಿಯೂ ಏನೂ ಆಗದ್ದೇ ದೊಡ್ಡದು."

"ಮಳೆಗಾಲದಲ್ಲೇ ಆಗಿದೆ ಅಲ್ವಾ ಮಾರಾಯ? ಇನ್ನು ಬೇಸಗೆಯಲ್ಲಿ ಆಗುದಿಲ್ವಾ?"

ಆಮೇಲೆ ಮಾತು ನನ್ನ ಕೈಯಲ್ಲಿ ಇರಲಿಲ್ಲ. ಒಂದೊಂದು ಟ್ರಿಪ್ಪಿಗೆ ನಾಲ್ಕು ನಿಮಿಷ ಉಳಿದರೆ ದಿನದ ಕೊನೆಗೆ ಇನ್ನೊಂದು ಟ್ರಿಪ್ಪಿಗೆ ಜಾಗವಾಗುತ್ತದೆ, ಅದಕ್ಕೆ ಅರ್ಜಿ ಹಾಕೋಣ ಎಂದರು ಒಬ್ಬರು. ಹಾಕೋಣ ಎಂದರು ಉಳಿದವರು. ಉಡುಪಿ ಕಾರ್ಕಳದ ಓಟದ ಸಮಯವನ್ನು ನಾಲ್ಕು ನಿಮಿಷ ಕಡಿಮೆ ಮಾಡಲು ತೀರ್ಮಾನವಾಯಿತು. ಚಾ ಬರುವ ಮೊದಲೇ ಒಂದು ಒಪ್ಪಿಗೆ ಸಿಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕೆಟ್ಟ ಗಡಿಯಾರ ಒಂದು ಮಳೆಗಾಲ ಮಾಡಿದ ತಪ್ಪನ್ನು ಅವರು ಕಾಯಂ ಮಾಡಿದರು. ಪುರಾವೆ ನನ್ನದು.

ಎದ್ದು ಹೋಗುವಾಗ ಶೆಟ್ಟರು ನನ್ನ ಹೆಗಲು ಮುಟ್ಟಿದರು. "ಲಾರೆನ್ಸನದ್ದು ತಪ್ಪಿಲ್ಲ ಅಂತ ಬರೆಸಿದ್ದೇನೆ. ಆದ್ರೆ ಈ ಹೊಸ ಟೈಮಿಗೆ ಅವನನ್ನು ನಾನು ಹೇಗೆ ಕೂರಿಸುದು, ನೀನೇ ಹೇಳು."

ನಾನು ಗೋಡೆಯ ಮೇಲೆ ತೋರಿಸಿದ್ದನ್ನು ಆರಿಸಿ ವೈರು ಸುತ್ತತೊಡಗಿದೆ.

ಮುಂದಿನ ಆದಿತ್ಯವಾರ ಬೆಳ್ಮಣ್ಣಿಗೆ ಹೋದೆ. ಲಾರೆನ್ಸರೂ ಅವರ ಹೆಂಡತಿ ಸೆಲಿನ್‌ಬಾಯಿಯೂ ಅಂಗಳದ ಮಲ್ಲಿಗೆ ಗಿಡಗಳಿಂದ ಮೊಗ್ಗು ಕೊಯ್ಯುತ್ತಿದ್ದರು. ಸ್ಟೇರಿಂಗ್ ಹಿಡಿದ ಆ ದಪ್ಪ ಬೆರಳುಗಳಲ್ಲಿ ಮೊಗ್ಗು ಹಿಡಿದದ್ದು ನೋಡಲು ನನಗೆ ಕಷ್ಟವಾಯಿತು.

"ತಪ್ಪು ನಿಮ್ಮದಲ್ಲ ಅಂತ ಬರೆದಿದ್ದಾರೆ," ಎಂದೆ.

"ಗೊತ್ತಾಯ್ತು. ಕಂಡಕ್ಟರ್ ಹೇಳಿದ." ಮೊಗ್ಗು ಬುಟ್ಟಿಗೆ ಹಾಕಿದರು. "ಹೊಸ ಟೈಮೂ ಹೇಳಿದ."

ಸೆಲಿನ್‌ಬಾಯಿ ನನಗೆ ಕುರ್ಚಿ ತಂದಿಟ್ಟರು. "ಇವರು ಈಗ ಹೂವಿನ ಹತ್ತಿರ ಮಾತಾಡ್ತಾರೆ ನೋಡಿ. ಬಸ್ಸಿನ ಹತ್ತಿರ ಮಾತಾಡಿದ ಹಾಗೆ," ಎಂದು ಒಳಗೆ ಹೋದರು.

"ನಾನು ನಿಮಗೋಸ್ಕರ ಹೋದದ್ದು ಲಾರೆನ್ಸರೇ."

"ನನಗೆ ಗೊತ್ತಿಲ್ವಾ?" ಅವರು ನಕ್ಕರು. "ನಿಮ್ಮ ಹೊಸ ಸಿಸ್ಟಮ್ ಇನ್ನು ತಪ್ಪುದಿಲ್ಲ ಅಲ್ವಾ?"

"ಇಲ್ಲ. ಒಂದು ಸೆಕೆಂಡೂ ಇಲ್ಲ."

"ಛೆ. ಈ ಸಲ ಮುಂದೆ ಓಡುವಂಥದ್ದು ಹಾಕ್ಬೇಕಿತ್ತು ಮಾರಾಯ್ರೆ. ಬಸ್ಸು ನಾಲ್ಕು ನಿಮಿಷ ಮೊದಲೇ ಹೊರಡ್ತಿತ್ತು. ಜನಕ್ಕೆ ಇಳೀಲಿಕ್ಕೆ ಪುರುಸೊತ್ತು ಸಿಗ್ತಿತ್ತು."

ಅವರು ಇನ್ನೂ ನಗುತ್ತಿದ್ದರು. ನನಗೆ ನಗಲು ಆಗಲಿಲ್ಲ. ಅವರು ಮತ್ತೆ ಬಸ್ಸು ಹತ್ತಲಿಲ್ಲ, ಮಲ್ಲಿಗೆಯ ಅಟ್ಟಿ, ಅಂದರೆ ಹೂವಿನ ಕಟ್ಟು, ಕಳಿಸಲು ಕೂಡ ಸೆಲಿನ್‌ಬಾಯಿಯೇ ರಸ್ತೆಗೆ ಬರುತ್ತಿದ್ದರು. ಈಗ ಲಾರೆನ್ಸರಿಲ್ಲ. ಆ ಮನೆಯ ಮಲ್ಲಿಗೆ ಈಗಲೂ ಬಸ್ಸಿನಲ್ಲೇ ಹೋಗುತ್ತದೆ.

ಹೊಸಬರಿಗೆ ಇಷ್ಟು ಹೇಳುತ್ತೇನೆ. ಗೆಸ್ಟ್ ಆರಿಸುವಾಗ ಸಣ್ಣದನ್ನು ಆರಿಸಿ, ಹೋಸ್ಟಿಗೆ ಹೊಂದುವುದನ್ನು ಆರಿಸಿ, ಎಲ್ಲರೂ ಒಟ್ಟಿಗೆ ನೀರು ಸೇದುವ ಹೊತ್ತಿನಲ್ಲೇ ಪರೀಕ್ಷೆ ಮಾಡಿ. ಮಧ್ಯಾಹ್ನ ನೋಡಿ ಸರಿಯಿದೆ ಅನ್ನಬೇಡಿ. ಯಾವುದೋ ಒಂದು ಮಾತ್ರ ತಡ ಮಾಡುತ್ತಿದ್ದರೆ ಅದನ್ನು ಬೈಯುವ ಮೊದಲು, ಉಳಿದವು ಹೇಗೆ ಸರಿಯಾಗಿ ಮುಟ್ಟುತ್ತಿವೆ ಎಂದು ನೋಡಿ. ಇಷ್ಟು ನನಗೆ ಗೊತ್ತು. ಸರಿಮಾಡಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಉಡುಪಿಗೆ ಹೋದಾಗ ನಾನು ಈಗಲೂ ಆ ಬೋರ್ಡಿನ ಕೆಳಗೆ ನಿಂತು, ಕಟ್ಟುಪಾಡು ಮೀರಿ, ಮೊಬೈಲ್ ತೆಗೆದು ನೋಡುತ್ತೇನೆ. ಎರಡೂ ಒಟ್ಟಿಗೇ ಬದಲಾಗುತ್ತವೆ. ಸೀಟಿ ಬೀಳುತ್ತದೆ, ಹಸಿರು ಬಸ್ಸು ಹೊರಡುತ್ತದೆ. ಕಾಪು ಬರುವಾಗ ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗುತ್ತಾನೆ. "ಅಜ್ಜರೇ, ಮುಂದೆ ಬನ್ನಿ, ಬೇಗ. ಟೈಮಿಲ್ಲ." ಬಸ್ಸು ವೇಗ ತಗ್ಗಿಸುತ್ತದೆ. ನಾನು ಕಂಬಿ ಹಿಡಿದು, ಮುಖ ಬಸ್ಸು ಹೋಗುವ ದಿಕ್ಕಿಗೆ ಮಾಡಿ, ನೋಯುವ ಮೊಣಕಾಲನ್ನು ಮೊದಲು ಇಳಿಬಿಟ್ಟು, ಕೆಳಗೆ ಉರುಳುತ್ತಿರುವ ರಸ್ತೆಯನ್ನು ನೋಡುತ್ತೇನೆ. ಲಾರೆನ್ಸರಿದ್ದಿದ್ದರೆ ಇಷ್ಟು ಹೊತ್ತಿಗೆ ಅದು ನಿಂತಿರುತ್ತಿತ್ತು.